ಮೆಣಸು ಆ ದಾರೀಲಿ ಹೋಗ್ತಾನೇ ಇರ್ಲಿಲ್ಲ

ಪ್ರಶ್ನೆ: ಸರ್, 1453ರಲ್ಲಿ ಟರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದ್ರು, ವ್ಯಾಪಾರದ ದಾರಿ ಮುಚ್ಚಿಹೋಯ್ತು, ಅದಕ್ಕೇ ವಾಸ್ಕೋ ಡ ಗಾಮ ಇಂಡಿಯಾಕ್ಕೆ ಬಂದ ಅಂತ ಓದಿದೀವಿ. ಆದ್ರೆ ಅವನು ಬಂದಿದ್ದು 1498ಕ್ಕೆ. ನಡುವೆ 45 ವರ್ಷ ಎಲ್ರೂ ಸುಮ್ನಿದ್ರಾ?
– ಹತ್ತನೇ ಕ್ಲಾಸ್ ವಿದ್ಯಾರ್ಥಿನಿ, ಶಿರಸಿ

ಉತ್ತರ: ಈ ಅನುಮಾನ ನಿಮ್ ಮೇಷ್ಟ್ರಿಗೂ ಬಂದಿರುತ್ತೆ ಕಣಮ್ಮ, ಸಿಲಬಸ್ ಮುಗಿಸೋ ಗಡಿಬಿಡೀಲಿ ಬಿಟ್ಟಿರ್ತಾರೆ. ಒಂದ್ಸಲ ಅಟ್ಲಾಸ್ ತೆಗೆದು ನೋಡು. ನಮ್ ಪಶ್ಚಿಮ ಕರಾವಳಿ ಮೆಣಸು ಅರಬ್ಬಿ ಸಮುದ್ರ ದಾಟಿ ಕೆಂಪು ಸಮುದ್ರಕ್ಕೆ ಹೋಗಿ, ಅಲ್ಲಿಂದ ಕೈರೋ, ಆಮೇಲೆ ಅಲೆಕ್ಸಾಂಡ್ರಿಯಾ, ಅಲ್ಲಿ ವೆನಿಸ್‌ನವರು ಹಡಗು ತಂದು ತುಂಬ್ಕೊಂಡು ಹೋಗೋರು. ಇದರಲ್ಲಿ ಕಾನ್‌ಸ್ಟಾಂಟಿನೋಪಲ್ ಎಲ್ಲಿ ಬಂತು? ಈಜಿಪ್ಟ್ ಆಗ ಮಾಮ್ಲೂಕರು ಅನ್ನೋ ಬೇರೆ ಸುಲ್ತಾನರ ಕೈಲಿತ್ತು, ಆಟೋಮನ್ನರು, ಅಂದ್ರೆ ನೀನು ಹೇಳಿದ ಟರ್ಕರು, ಅದನ್ನ ಗೆದ್ದಿದ್ದೇ 1517ಕ್ಕೆ, ಅಂದ್ರೆ ಗಾಮ ಕಲ್ಲಿಕೋಟೆಗೆ ಬಂದು 19 ವರ್ಷ ಆದ್ಮೇಲೆ.

ಇನ್ನೊಂದು ತಮಾಷೆ ಕೇಳು. ಕಾನ್‌ಸ್ಟಾಂಟಿನೋಪಲ್ ಟರ್ಕರ ಕೈಗೆ ಬಿದ್ದಿದ್ದು 1453ರ ಮೇ 29ಕ್ಕೆ, ಒಂದು ವರ್ಷ ತುಂಬೋದ್ರೊಳಗೆ, 1454ರ ಏಪ್ರಿಲ್‌ನಲ್ಲಿ ಅದೇ ಸುಲ್ತಾನ ಎರಡನೇ ಮೆಹಮದ್ ವೆನಿಸ್ ಜೊತೆ ವ್ಯಾಪಾರದ ಒಪ್ಪಂದ ಮಾಡ್ಕೊಂಡ. ಸುಂಕ ಬರೋ ದಾರೀನ ಯಾವ ರಾಜ ತಾನೇ ಮುಚ್ತಾನೆ ಹೇಳು. ನಿಜವಾಗ್ಲೂ ಪೆಟ್ಟು ತಿಂದಿದ್ದು ಕಪ್ಪು ಸಮುದ್ರದ ಕಡೆ ವ್ಯಾಪಾರ ಮಾಡ್ತಿದ್ದ ಜಿನೋವಾದವರು.

ಹಂಗಾದ್ರೆ ಪೋರ್ಚುಗೀಸರು ಯಾಕೆ ಹೊರಟ್ರು? ಅವರು ಆಫ್ರಿಕಾದ ಸೆಯುಟಾ ಹಿಡಿದಿದ್ದೇ 1415ರಲ್ಲಿ, ಊರು ಬೀಳೋಕೆ 38 ವರ್ಷ ಮುಂಚೆ. ಮೊದಲು ಅವರ ಕಣ್ಣಿದ್ದಿದ್ದು ಆಫ್ರಿಕಾದ ಚಿನ್ನದ ಮೇಲೆ, ಆಮೇಲೆ ಗುಲಾಮರ ವ್ಯಾಪಾರ, ಹಂಗೇ ಕರಾವಳಿ ಹಿಡ್ಕೊಂಡು ಇಷ್ಟಿಷ್ಟೇ ಕೆಳಗಿಳೀತಾ 1488ಕ್ಕೆ ಬಾರ್ತೊಲೊಮಿಯು ಡಯಾಸ್ ಆಫ್ರಿಕಾದ ತುದಿ ದಾಟಿದ. ನೀನು ಕೇಳಿದ 45 ವರ್ಷದಲ್ಲಿ ನಡೆದಿದ್ದು ಇದೇ. ಮೆಣಸು ವೆನಿಸ್ ಮುಟ್ಟೋದ್ರೊಳಗೆ ದಾರೀಲಿ ಎಷ್ಟೋ ಜನ ಲಾಭ ಇಟ್ಕೊಳೋರು, ಅವ್ರನ್ನೆಲ್ಲ ಬಿಟ್ಟು ಬೆಳೆಯೋ ಜಾಗದಲ್ಲೇ ಕೊಂಡ್ರೆ ಹೆಂಗೆ ಅನ್ನೋದು ಪೋರ್ಚುಗೀಸರ ಲೆಕ್ಕಾಚಾರ. ನಿಮ್ಮೂರಿಗೇನೂ ದೂರ ಇಲ್ದಿರೋ ಗೇರುಸೊಪ್ಪೆಯ ಚೆನ್ನಭೈರಾದೇವೀನ ಅವರು ಮೆಣಸಿನ ರಾಣಿ ಅಂತ ಕರೀತಿದ್ದಿದ್ದು ಸುಮ್ನೆ ಅಲ್ಲ.

ಆದ್ರೂ ಎಕ್ಸಾಮಲ್ಲಿ ಪುಸ್ತಕದಲ್ಲಿರೋದನ್ನೇ ಬರಿಯಮ್ಮ, ಮಾರ್ಕ್ಸ್ ಹೋದ್ರೆ ನಾನು ಜವಾಬ್ದಾರ ಅಲ್ಲ.

ಪ್ರಶ್ನೆ: ರಷ್ಯಾದ ಅಕ್ಟೋಬರ್ ಕ್ರಾಂತಿ ದಿನಾನ ನವೆಂಬರ್ 7ಕ್ಕೆ ಯಾಕೆ ಆಚರಿಸ್ತಾರೆ? ಪ್ರಿಂಟ್ ಮಿಸ್ಟೇಕಾ?
– ಪಿಯುಸಿ ವಿದ್ಯಾರ್ಥಿ, ಹಾವೇರಿ

ಉತ್ತರ: ಪ್ರಿಂಟ್ ಸರಿಯಾಗೇ ಇದೆ. ಆಗ ರಷ್ಯಾದಲ್ಲಿ ಹಳೇ ಜೂಲಿಯನ್ ಕ್ಯಾಲೆಂಡರ್ ಇತ್ತು, ಅದು ನಮ್ ಕ್ಯಾಲೆಂಡರ್‌ಗಿಂತ 13 ದಿನ ಹಿಂದೆ. ಅವರಿಗೆ 1917ರ ಅಕ್ಟೋಬರ್ 25, ಉಳಿದವರಿಗೆ ನವೆಂಬರ್ 7. ಮುಂದಿನ ವರ್ಷ ಲೆನಿನ್ ಸರ್ಕಾರ ಹೊಸದಕ್ಕೆ ಬದಲಾಯಿಸ್ತು, 1918ರ ಜನವರಿ 31ರ ರಾತ್ರಿ ಮಲಗಿದವರು ಎದ್ದಾಗ ಫೆಬ್ರವರಿ 14!

ಪ್ರಶ್ನೆ: ಬ್ರೆಡ್ ಇಲ್ದಿದ್ರೆ ಕೇಕ್ ತಿನ್ನಲಿ ಅಂತ ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್ ಹೇಳಿದ್ದು ನಿಜಾನಾ?
– ಬಿಎ ವಿದ್ಯಾರ್ಥಿನಿ, ತುಮಕೂರು

ಉತ್ತರ: ಅವಳು ಹೇಳಿದ್ದಕ್ಕೆ ಆಧಾರ ಇಲ್ಲ. ಚಿಂತಕ ರೂಸೋ ತನ್ನ ಆತ್ಮಕಥೇಲಿ ಒಬ್ಬ ದೊಡ್ಡ ರಾಜಕುಮಾರಿ ಹಿಂಗಂದ್ಲು ಅಂತ ಬರೆದಿದಾನೆ, ಹೆಸರು ಹೇಳಿಲ್ಲ, ಅದನ್ನ ಬರೆಯೋ ಕಾಲಕ್ಕೆ ಇವಳಿನ್ನೂ ಆಸ್ಟ್ರಿಯಾದಲ್ಲಿದ್ದ ಚಿಕ್ಕ ಹುಡುಗಿ. ಅಲ್ಲಿರೋದು ಕೇಕೂ ಅಲ್ಲ, ಬೆಣ್ಣೆ ಮೊಟ್ಟೆ ಹಾಕಿ ಮಾಡೋ ಬ್ರಿಯೋಶ್ ಅನ್ನೋ ಬನ್ನು. ಆದ್ರೆ ಜನ ನಂಬಿದ್ದಕ್ಕೆ ಕಾರಣ ಇತ್ತು. 1788ರ ಜುಲೈಲಿ ಆಲಿಕಲ್ಲು ಮಳೆ ಬಿದ್ದು ಬೆಳೆ ಹಾಳಾಗಿ, ಮುಂದಿನ ಬೇಸಿಗೆ ಹೊತ್ತಿಗೆ ಪ್ಯಾರಿಸ್ ಕೂಲಿಯವನ ದುಡಿಮೇಲಿ ಅರ್ಧಕ್ಕಿಂತ ಜಾಸ್ತಿ ಬ್ರೆಡ್ಡಿಗೇ ಹೋಗ್ತಿತ್ತು. (ನಮ್ ಟಿಪ್ಪು ಸುಲ್ತಾನನ ರಾಯಭಾರಿಗಳು ಸಹಾಯ ಕೇಳ್ಕೊಂಡು ವರ್ಸೈ ಅರಮನೆಗೆ ಹೋಗಿದ್ದು ಅದೇ 1788ರ ಆಗಸ್ಟ್‌ನಲ್ಲಿ, ಖಜಾನೆ ಖಾಲಿಯಾಗಿದ್ದ ರಾಜನ ಹತ್ರ!) ಕೊನೆಗೆ 1789ರ ಅಕ್ಟೋಬರ್ 5ಕ್ಕೆ ಮಾರ್ಕೆಟ್ ಹೆಂಗಸರು ಮಳೇಲೇ ವರ್ಸೈವರೆಗೂ ನಡೆದುಹೋಗಿ ಮಾರನೇ ದಿನ ರಾಜನ ಸಂಸಾರಾನೇ ಪ್ಯಾರಿಸ್‌ಗೆ ಕರ್ಕೊಂಡು ಬಂದ್ರು. ದಾರೀಲಿ ಕೂಗ್ತಾ ಬಂದಿದ್ದೇನು ಗೊತ್ತಾ, ಬೇಕರಿಯವನು, ಬೇಕರಿಯವನ ಹೆಂಡ್ತಿ, ಬೇಕರಿ ಹುಡುಗ, ಮೂರೂ ಜನ ಸಿಕ್ಕಿದ್ರು ಅಂತ, ಅಂದ್ರೆ ರಾಜ, ರಾಣಿ, ಅವರ ಮಗ.