ದುಃಖದಲ್ಲಿರುವವರಿಗೆ ಯಾವ ಹಾಡು ಕಳುಹಿಸಬೇಕು?

ಪ್ರಿಯ ಸಹೋದರಿ,

ನಿಮ್ಮ ಪತ್ರ ತಲುಪಿತು. ಉಳಿದ ಓದುಗರಿಗೂ ತಿಳಿಯಲೆಂದು ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಚರ್ಚಿನ ಸಭೆಯ ಗೆಳತಿಯೊಬ್ಬರು ಪತಿಯನ್ನು ಕಳೆದುಕೊಂಡಿದ್ದಾರೆ. ಅವರ ವಿಶ್ವಾಸ ಕುಗ್ಗಬಾರದೆಂದು ನೀವು ಪ್ರತಿದಿನ ಬೆಳಿಗ್ಗೆ ಅವರ ಮೊಬೈಲಿಗೆ ಒಂದು ಆರಾಧನಾ ಗೀತೆ ಕಳುಹಿಸುತ್ತಿದ್ದಿರಿ. ಮೊದಮೊದಲು ಕೈಮುಗಿದ ಚಿತ್ರವೊಂದು ಉತ್ತರವಾಗಿ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಇದನ್ನು ಕೇಳಿದ ಹಿರಿಯರೊಬ್ಬರು, ‘ಹೊಸ ಹಾಡುಗಳಲ್ಲಿ ಸತ್ವವಿಲ್ಲ, ಹೇಳಿದ್ದನ್ನೇ ಹೇಳುತ್ತವೆ, ಹಳೆಯ ಕೀರ್ತನೆಗಳನ್ನು ಕಳುಹಿಸಿ’ ಎಂದು ಬುದ್ಧಿ ಹೇಳಿದ್ದಾರೆ. ತಪ್ಪು ಹಾಡಿನದೋ ನನ್ನದೋ ಎಂಬುದು ನಿಮ್ಮ ಪ್ರಶ್ನೆ. ಜೊತೆಗೆ ಸಂಪಾದಕರಿಗೆ ಮೆಚ್ಚಿನ ಹಾಡುಗಳ ಪಟ್ಟಿಯನ್ನು ಅಚ್ಚು ಮಾಡಬೇಕೆಂಬ ಬೇಡಿಕೆ.

ಹಿರಿಯರ ಮಾತನ್ನು ಮೊದಲು ಮುಗಿಸಿಬಿಡೋಣ, ಅದು ಸುಲಭ. ಹೇಳಿದ್ದನ್ನೇ ಹೇಳುವುದು ದೋಷವಾದರೆ ಸತ್ಯವೇದದ 136ನೆಯ ಕೀರ್ತನೆಯನ್ನು ಏನು ಮಾಡುವುದು? ಅಲ್ಲಿರುವ 26 ವಚನಗಳಲ್ಲಿ ಪ್ರತಿಯೊಂದೂ ದೇವರ ಕೃಪೆ ಶಾಶ್ವತವೆಂಬ ಒಂದೇ ಪಲ್ಲವಿಗೆ ಬಂದು ನಿಲ್ಲುತ್ತದೆ. ಹಳೆಯದೆಂದು ನಾವು ಗೌರವಿಸುವ ‘ಅಮೇಜಿಂಗ್ ಗ್ರೇಸ್’ ಕೂಡ ಈಗಿನ ರೂಪಕ್ಕೆ ಬಂದದ್ದು ಹಂತಹಂತವಾಗಿ. ಇಂಗ್ಲೆಂಡಿನ ಪಾದ್ರಿ ಜಾನ್ ನ್ಯೂಟನ್ ಅದನ್ನು 1773ರ ಹೊಸ ವರ್ಷದ ಆರಾಧನೆಗೆಂದು ಬರೆದರು. ಇಂದು ಎಲ್ಲರ ಬಾಯಲ್ಲಿರುವ ರಾಗ ಆ ಸಾಲುಗಳಿಗೆ ಕೂಡಿದ್ದು 1835ರಲ್ಲಿ, ಅಮೆರಿಕದಲ್ಲಿ. ಅಷ್ಟರಲ್ಲಿ ನ್ಯೂಟನ್ ತೀರಿಕೊಂಡು ದಶಕಗಳೇ ಆಗಿದ್ದವು. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಅಪೊಸ್ತಲನಾದ ಪೌಲನು ಕೀರ್ತನೆ, ಸ್ತುತಿಪದ, ಆತ್ಮೀಯ ಗೀತೆ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಮನಸ್ಸಿಗೆ ಹಿಡಿಯದ ಹೊಸ ಹಾಡುಗಳು ಎಷ್ಟೋ ಇವೆ, ನಿಜ. ಹಿಡಿಯದ ಹಳೆಯವೂ ಅಷ್ಟೇ ಇದ್ದವು. ಅವು ಪುಸ್ತಕದಿಂದ ಉದುರಿಹೋದದ್ದರಿಂದ ನಮಗೆ ಕಾಣಿಸುವುದಿಲ್ಲ.

ನಿಮ್ಮ ಗೆಳತಿಯ ಮೌನಕ್ಕೂ ಹಾಡಿನ ವಯಸ್ಸಿಗೂ ಸಂಬಂಧವಿದೆಯೆಂದು ನನಗೆ ಅನ್ನಿಸುವುದಿಲ್ಲ. ಜ್ಞಾನೋಕ್ತಿಗಳ 25ನೆಯ ಅಧ್ಯಾಯದಲ್ಲಿ ಪ್ರಸಂಗಗಳಲ್ಲಿ ಅಪರೂಪಕ್ಕೆ ಕೇಳಿಬರುವ ಮಾತೊಂದಿದೆ: ನೊಂದ ಮನಸ್ಸಿನವರ ಮುಂದೆ ಹಾಡು ಹಾಡುವುದು ಚಳಿಯ ದಿನ ಮೈಮೇಲಿನ ಬಟ್ಟೆ ಕಿತ್ತುಕೊಂಡ ಹಾಗೆ. ಸತ್ಯವೇದವೇ ಹೀಗೆ ಎಚ್ಚರಿಸುತ್ತಿರುವಾಗ ನಾವು ಹಾಡನ್ನು ಎಲ್ಲ ನೋವಿಗೂ ಮದ್ದೆಂದು ಹಂಚುತ್ತಾ ಹೋಗುವುದು ಸರಿಯಲ್ಲ. ನೀವು ಕಳುಹಿಸಿದ ಹಾಡುಗಳ ಹೆಸರುಗಳನ್ನು ಪತ್ರದಲ್ಲಿ ಕೊಟ್ಟಿದ್ದೀರಿ. ಬಹುಪಾಲು ಜಯದ ಹಾಡುಗಳು: ಬೆಟ್ಟಗಳು ಕದಲುತ್ತವೆ, ಸರಪಳಿಗಳು ಕಳಚುತ್ತವೆ, ಕಣ್ಣೀರು ನೃತ್ಯವಾಗುತ್ತದೆ. ಒಂದೊಂದೂ ಸತ್ಯವೇ. ಆದರೆ ಬೆಳಿಗ್ಗೆ ಎದ್ದು ಪಕ್ಕದ ಹಾಸಿಗೆ ಖಾಲಿಯಾಗಿರುವುದನ್ನು ನೋಡಿದವರಿಗೆ, ‘ಇನ್ನೂ ನಿನ್ನ ಕಣ್ಣೀರು ನಿಂತಿಲ್ಲವೇ’ ಎಂದು ದಿನಾ ಯಾರೋ ವಿಚಾರಿಸಿದ ಹಾಗೆ ಅವು ಕೇಳಿಸಿರಬಹುದು.

ಕೀರ್ತನೆಗಳ ಪುಸ್ತಕ ಈ ವಿಷಯದಲ್ಲಿ ನಮಗಿಂತ ಧೈರ್ಯವಾದದ್ದು. ಅದರ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಮೊರೆ, ಗೋಳಾಟ, ‘ಎಷ್ಟರ ತನಕ ಕರ್ತನೇ’ ಎಂಬ ಪ್ರಶ್ನೆ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸಮಾಧಾನದ ಸಾಲೂ ಇಲ್ಲ. ಆದರೂ ಅದು ಹಾಡುಪುಸ್ತಕದಲ್ಲಿದೆ, ಸಭೆಯಾಗಿ ಹಾಡಲೆಂದೇ ಇದೆ. ನಿಮ್ಮ ಗೆಳತಿಯ ಮೌನವನ್ನು ವಿಶ್ವಾಸದ ಕೊರತೆಯೆಂದು ಓದುವ ಮೊದಲು ಈ ಕೀರ್ತನೆಯನ್ನೊಮ್ಮೆ ಓದಿ.

ಇನ್ನು ಹಾಡಿನ ಹಿಂದಿನ ಕಥೆಗಳು. ‘ಇಟ್ ಈಸ್ ವೆಲ್ ವಿತ್ ಮೈ ಸೋಲ್’ ಹಾಡನ್ನು ಅದರ ಕಥೆಯ ಸಮೇತ ಕಳುಹಿಸಿದ್ದಾಗಿ ಬರೆದಿದ್ದೀರಿ. ಕಥೆ ನಿಜವೇ. ಷಿಕಾಗೋದ ವಕೀಲ ಹೊರೇಷಿಯೋ ಸ್ಪಾಫರ್ಡ್ ಅವರ ನಾಲ್ವರು ಹೆಣ್ಣುಮಕ್ಕಳು 1873ರ ನವೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ನಡೆದ ಹಡಗು ದುರಂತದಲ್ಲಿ ಮುಳುಗಿಹೋದರು, ಪತ್ನಿ ಮಾತ್ರ ಬದುಕುಳಿದರು. ಆ ದುಃಖದಿಂದ ಹುಟ್ಟಿದ ಹಾಡದು. ಅದಕ್ಕೆ ರಾಗ ಕೂಡಿಸಿದ ಫಿಲಿಪ್ ಬ್ಲಿಸ್ 1876ರ ಕೊನೆಯಲ್ಲಿ ರೈಲು ಅಪಘಾತದಲ್ಲಿ ತೀರಿಕೊಂಡರು. ಆದರೆ ಈ ಕಥೆಯನ್ನು ನಾವು ಬಹಳ ಸಲ ಅಳತೆಗೋಲಾಗಿ ಬಳಸುತ್ತೇವೆ: ನಾಲ್ವರನ್ನು ಕಳೆದುಕೊಂಡವನೇ ಹಾಡಿದ, ನಿನಗೇನಾಯಿತು? ಬಾಯಿಬಿಟ್ಟು ಹೇಳದಿದ್ದರೂ ಕೇಳುವವರಿಗೆ ಹಾಗೆಯೇ ತಟ್ಟುತ್ತದೆ.

ಕಥೆಯನ್ನು ಬದಿಗಿಟ್ಟು ಹಾಡನ್ನೇ ನೋಡಿದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಮೊದಲ ಚರಣದಲ್ಲಿ ನದಿಯಂಥ ಶಾಂತಿಯೂ ಸಮುದ್ರದ ಅಲೆಗಳಂಥ ದುಃಖವೂ ಅಕ್ಕಪಕ್ಕದಲ್ಲಿವೆ, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಮುಂದೆ ಹೋದಂತೆ ಮಕ್ಕಳ ಪ್ರಸ್ತಾಪವೇ ಬರುವುದಿಲ್ಲ. ತನ್ನ ಪಾಪ ಅರ್ಧಂಬರ್ಧವಾಗಿ ಅಲ್ಲ, ಪೂರ್ತಿಯಾಗಿ ಶಿಲುಬೆಗೆ ಜಡಿಯಲ್ಪಟ್ಟಿತು ಎಂಬ ನೆಮ್ಮದಿ ಹಾಡಿನ ನಡುಮಧ್ಯದಲ್ಲಿದೆ. ಅಂದರೆ ಆ ತಂದೆ ತನ್ನ ನಷ್ಟಕ್ಕೆ ಕಾರಣ ಹುಡುಕಲಿಲ್ಲ, ಸಮರ್ಥನೆ ಕೊಡಲಿಲ್ಲ. ತನಗೆ ಖಚಿತವಾಗಿ ಗೊತ್ತಿದ್ದ ಒಂದನ್ನು ಹಿಡಿದು ನಿಂತ. ನಿಮ್ಮ ಗೆಳತಿಗೆ ಆ ಚರಣವೊಂದನ್ನೇ, ಯಾವ ಪೀಠಿಕೆಯೂ ಇಲ್ಲದೆ ತೋರಿಸಿದ್ದರೆ ಹೇಗಿರುತ್ತಿತ್ತು?

ಕಥೆಗಳು ನೇರವಾಗಿ ಇರುವುದೂ ಅಪರೂಪ. ನ್ಯೂಟನ್ ಬಿರುಗಾಳಿಯಲ್ಲಿ ದೇವರಿಗೆ ಮೊರೆಯಿಟ್ಟು ರಾತ್ರೋರಾತ್ರಿ ಬದಲಾದರೆಂದು ಕೇಳಿದ್ದೇವಲ್ಲ? ಬಿರುಗಾಳಿ 1748ರದು. ಆಮೇಲೂ ಅವರು ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನರಾಗಿದ್ದರು, ಕಡಲು ಬಿಟ್ಟದ್ದು 1754ರಲ್ಲಿ. ಆ ವ್ಯಾಪಾರವನ್ನು ಖಂಡಿಸಿ ಪುಸ್ತಿಕೆ ಬರೆದದ್ದು 1788ರಲ್ಲಿ. ನಿಧಾನವಾಗಿ ಕೆಲಸ ಮಾಡಿದ ಕೃಪೆಯ ಹಾಡು ಅದು. ‘ನಾನು ಇಷ್ಟು ವರ್ಷದಿಂದ ವಿಶ್ವಾಸಿಯಾಗಿದ್ದೂ ಹೀಗೇ ಇದ್ದೇನಲ್ಲ’ ಎಂದು ಕುಗ್ಗಿದವರಿಗೆ ಈ ತಾರೀಖುಗಳೇ ಒಂದು ಸಾಂತ್ವನ. ಜರ್ಮನಿಯ ಪಾದ್ರಿ ಮಾರ್ಟಿನ್ ರಿಂಕಾರ್ಟ್ ಅವರ ಕೃತಜ್ಞತಾಗೀತೆಯೂ ಹಾಗೆಯೇ. 1637ರ ಪಿಡುಗಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಅವರು ಮಣ್ಣುಮಾಡಿದರೆಂದು ಹೇಳುತ್ತಾರೆ, ಅವರಲ್ಲಿ ಸ್ವಂತ ಪತ್ನಿಯೂ ಒಬ್ಬರು. ಆದರೆ ಆ ಹಾಡು ಮೊದಲು ಮನೆಯ ಊಟದ ಪ್ರಾರ್ಥನೆಯಾಗಿತ್ತು. ತಟ್ಟೆಯ ಮುಂದೆ ರೂಢಿಯಾದ ಮಾತು ಸಮಾಧಿಯ ಬಳಿಯೂ ಜೊತೆಗಿತ್ತು. ಯಾವ ದುರಂತದ ಕಥೆಯೂ ಇಲ್ಲದ ಹಾಡುಗಳೂ ಇವೆಯೆನ್ನಿ. ಥಾಮಸ್ ಚಿಶಮ್ 1923ರಲ್ಲಿ ಬರೆದ ‘ಗ್ರೇಟ್ ಈಸ್ ದೈ ಫೇತ್‌ಫುಲ್‌ನೆಸ್’ ದಿನನಿತ್ಯದ ಕೃಪೆಯನ್ನು ನೆನೆದು ಹುಟ್ಟಿದ್ದು. ನನಗೆ ಅದು ಹೆಚ್ಚು ಪ್ರಿಯ. ಅದರ ಮೂಲವಚನ ಇರುವುದು ಪ್ರಲಾಪಗಳ ಪುಸ್ತಕದಲ್ಲಿ, ಹಾಳಾದ ಪಟ್ಟಣಕ್ಕಾಗಿ ಅತ್ತ ಅಳುವಿನ ನಡುವೆ.

ಹಾಗಾದರೆ ಹಾಡು ಹಂಚಿಕೊಳ್ಳುವುದನ್ನೇ ಬಿಡಬೇಕೇ? ಬೇಡ. ಪೌಲ, ಸೀಲರು ಫಿಲಿಪ್ಪಿಯ ಸೆರೆಮನೆಯಲ್ಲಿ ಮಧ್ಯರಾತ್ರಿ ಹಾಡಿದಾಗ ಉಳಿದ ಕೈದಿಗಳು ಕಿವಿಗೊಟ್ಟಿದ್ದರೆಂದು ಬರೆದಿದೆ. ಅವರು ಯಾರಿಗೂ ಬೋಧಿಸಲು ಹಾಡಲಿಲ್ಲ. ತಮ್ಮ ಕಾಲುಗಳೂ ಕೋಳದಲ್ಲಿದ್ದಾಗ ತಮಗಾಗಿ ಹಾಡಿದರು, ಪಕ್ಕದವರಿಗೂ ಕೇಳಿಸಿತು. ನೀವೂ ಹಾಗೆ ಮಾಡಬಹುದು. ದಿನಕ್ಕೊಂದನ್ನು ನಿಲ್ಲಿಸಿ. ನಿಮ್ಮನ್ನು ಒಂದು ಕಷ್ಟದಲ್ಲಿ ಹಿಡಿದು ನಿಲ್ಲಿಸಿದ ಹಾಡು ಒಂದಿದ್ದರೆ ಅದನ್ನಷ್ಟೇ ಕಳುಹಿಸಿ, ಯಾವ ಸಾಲು, ಯಾವಾಗ ಎಂಬುದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ, ‘ಉತ್ತರ ಬರೆಯಬೇಕಾಗಿಲ್ಲ’ ಎಂದು ಸೇರಿಸಿ. ಅವರ ಪತಿ ಇಷ್ಟಪಟ್ಟು ಹಾಡುತ್ತಿದ್ದ ಹಾಡು ಯಾವುದೆಂದು ಒಮ್ಮೆ ಕೇಳಿ. ಅದನ್ನು ಕೇಳಲು ಈಗ ಅವರಿಗೆ ಆಗುವುದೋ ಇಲ್ಲವೋ ಎಂಬುದನ್ನೂ ಅವರೇ ಹೇಳಲಿ. ಆರಾಧನೆಯಲ್ಲಿ ಅವರು ಪುಸ್ತಕ ತೆರೆದು ಬಾಯಿ ತೆರೆಯದೆ ನಿಂತರೆ ಮೊಣಕೈಯಿಂದ ತಿವಿಯಬೇಡಿ. ಪಕ್ಕದಲ್ಲಿ ನಿಂತು ನೀವು ಹಾಡಿ. ಸಭೆಯಾಗಿ ಹಾಡುವುದರ ದೊಡ್ಡ ಉಪಕಾರವೇ ಇದು: ಈ ವಾರ ದನಿ ಬಾರದವರ ಪಾಲಿನ ಚರಣವನ್ನೂ ಉಳಿದವರು ಹಾಡಿ ಮುಗಿಸುತ್ತಾರೆ.

ಪಟ್ಟಿಯನ್ನು ಅಚ್ಚು ಮಾಡುವುದಿಲ್ಲ. ಸಂಪಾದಕರ ಪಟ್ಟಿ ಬಂತೆಂದರೆ ಮರುದಿನವೇ ಅದು ನೂರು ಮೊಬೈಲುಗಳಿಗೆ ಹೊರಡುತ್ತದೆ, ನಿಮ್ಮ ಗೆಳತಿಯದೂ ಸೇರಿ. ಅದರ ಬದಲು ಮುಂದಿನ ಸಂಚಿಕೆಗಳಲ್ಲಿ ಅರ್ಧ ಪುಟ ಬಿಟ್ಟುಕೊಡುತ್ತೇವೆ. ಯಾವ ಹಾಡಿನ ಯಾವ ಚರಣ ನಿಮಗೆ ಯಾವ ಹೊತ್ತಿನಲ್ಲಿ ಆಸರೆಯಾಯಿತೆಂದು ಓದುಗರು ಬರೆಯಲಿ. ಕವಿಯ ಜೀವನಚರಿತ್ರೆ ಬೇಡ, ಹಾಡಿನ ಪೂರ್ತಿ ಸಾಹಿತ್ಯವೂ ಬೇಡ, ಜಾಗವಿಲ್ಲ. ಸಹಾಯವಾಗದ ಹಾಡಿನ ಬಗ್ಗೆ ಬರೆದರೂ ಪ್ರಕಟಿಸುತ್ತೇವೆ. ನೀವೇ ಮೊದಲು ಬರೆಯಬಹುದು. ಗೆಳತಿಯ ವಿಷಯ ಅದರಲ್ಲಿ ಬರುವುದಾದರೆ ಅವರನ್ನು ಕೇಳಿದ ಮೇಲೆ ಕಳುಹಿಸಿ.

– ಸಂಪಾದಕ