ಚಿನ್ನದ ಗಣಿಯಲ್ಲಿ ಇಂಗಾಲ ನಿಲ್ಲುವುದೇ?

ಮಾನ್ಯರೇ,

ಕೆಜಿಎಫ್ ಗಣಿಗಳು 2001ರಲ್ಲಿ ಮುಚ್ಚಿ ಪಾಳುಬಿದ್ದಿವೆ, ಕಾರ್ಖಾನೆಗಳು ಉಗುಳುವ ಇಂಗಾಲದ ಡೈಆಕ್ಸೈಡನ್ನು ಅಲ್ಲೇ ತುಂಬಿಸಿ ಊರಿಗೆ ಮತ್ತೆ ಕೆಲಸ ಕೊಡಬಾರದೇಕೆ, ದೇಶದ ನೆಲದಡಿ ಈ ಅನಿಲವನ್ನು ಎಷ್ಟು ತುಂಬಿಸಬಹುದೆಂಬ ಲೆಕ್ಕದಲ್ಲಿ ಕೋಲಾರವೇಕೆ ಇಲ್ಲ ಎಂದು ಕೇಳಿದ್ದೀರಿ. ದುಡಿಮೆಗೆಂದು ನಸುಕಿನಲ್ಲೇ ಬೆಂಗಳೂರಿನ ರೈಲು ಹಿಡಿಯುವವರ ಊರಿನಿಂದ ಬಂದ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡಲಾರೆ. ಅದು ಆಗದ ಕೆಲಸ.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳವಿದೆ, ನಿಜ. ಆದರೆ ಈ ಅನಿಲಕ್ಕೆ ಬೇಕಾದದ್ದು ಸುರಂಗವಲ್ಲ, ಸೂಕ್ಷ್ಮ ರಂಧ್ರಗಳಿರುವ ಕಲ್ಲು. ಸುಟ್ಟ ಇಟ್ಟಿಗೆಯನ್ನು ತೊಟ್ಟಿಗೆ ಹಾಕಿದರೆ ಗುಳ್ಳೆ ಬಿಡುತ್ತಾ ನೀರು ಕುಡಿಯುತ್ತದೆ. ನಮ್ಮ ಚಪ್ಪಡಿ ಕಲ್ಲು ಕುಡಿಯುವುದಿಲ್ಲ. ಗಣಿಯೊಳಗಿನ ಟೊಳ್ಳಿಗೆ ಒತ್ತಡದಿಂದ ಅನಿಲ ತುಂಬಿದರೆ, ಶತಮಾನಕ್ಕೂ ಹೆಚ್ಚು ಕಾಲ ಅಗೆದು ಬಿರುಕುಬಿಟ್ಟ ಆ ಬಂಡೆಗಳ ನಡುವೆ, ಹಳೆಯ ಶಾಫ್ಟ್‌ಗಳ ಮೂಲಕ ಅದು ಮೇಲೆ ಬರುತ್ತದೆ. ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ಮಡುಗಟ್ಟಿ ಉಸಿರುಕಟ್ಟಿಸಬಲ್ಲದು. ಅಂಥ ಅಪಾಯವನ್ನು ಕೆಲಸದ ಹೆಸರಿನಲ್ಲಿ ಕೆಜಿಎಫ್ ಜನರ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಸಾಮಾನ್ಯವಾಗಿ 800 ಮೀಟರಿಗಿಂತ ಆಳದಲ್ಲಿ ಬಿಸಿ ಮತ್ತು ಒತ್ತಡಕ್ಕೆ ಈ ಅನಿಲ ದ್ರವದಷ್ಟು ದಟ್ಟವಾಗಿ ಕಡಿಮೆ ಜಾಗದಲ್ಲಿ ಹಿಡಿಯುತ್ತದೆ. ಅಲ್ಲಿ ಉಪ್ಪುನೀರು ತುಂಬಿದ ಮರಳುಗಲ್ಲೂ, ಅದರ ಮೇಲೆ ಏನನ್ನೂ ಸೋರಗೊಡದ ಜೇಡಿಗಲ್ಲಿನ ಪದರವೂ ಇರಬೇಕು. ನಾರ್ವೆಯ ಸ್ಲೈಪ್ನರ್ ಎಂಬ ಕಡಲಿನ ನೈಸರ್ಗಿಕ ಅನಿಲ ಕ್ಷೇತ್ರದಲ್ಲಿ 1996ರಿಂದ ವರ್ಷಕ್ಕೆ ಸುಮಾರು ಹತ್ತು ಲಕ್ಷ ಟನ್ನಿನಂತೆ ಸಮುದ್ರದಡಿ ಇಳಿಸಿದ್ದು ಇಂಥ ಮರಳುಗಲ್ಲಿಗೇ. ಕೋಲಾರದ ಗಟ್ಟಿ ಬಂಡೆಯಲ್ಲಿ ನೀರು ಇರುವುದೂ ಬಿರುಕುಗಳಲ್ಲಿ ಮಾತ್ರ. ಒಂದು ತೋಟದಲ್ಲಿ ನೀರು ಚಿಮ್ಮಿದರೆ, ಪಕ್ಕದ ತೋಟದಲ್ಲಿ ಸಾವಿರ ಅಡಿ ಕೊರೆದರೂ ಬೂದು ಬಣ್ಣದ ಕಲ್ಲುಪುಡಿ ಮಾತ್ರ ಹಾರುವುದನ್ನು ನೀವೂ ನೋಡಿರುತ್ತೀರಿ.

ಇನ್ನು ದೇಶದ ಲೆಕ್ಕ. ಐಐಟಿ ಬಾಂಬೆಯ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದ ನೆಲದಡಿ 39,500 ಕೋಟಿಯಿಂದ 61,400 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹಿಡಿಯಬಹುದು. ಕೇಳಲು ಹಿತವಾದ ಸಂಖ್ಯೆ. ಆದರೆ ಇಂಥ ಅಂದಾಜು ಹುಟ್ಟುವುದು ಶಿಲಾಪದರದ ವಿಸ್ತಾರ, ದಪ್ಪ, ರಂಧ್ರಗಳ ಪ್ರಮಾಣವನ್ನು ಗುಣಿಸಿ, ಅದರಲ್ಲಿ ಬಳಕೆಗೆ ಸಿಗುವ ಸಣ್ಣ ಪಾಲನ್ನು ತೆಗೆದುಕೊಳ್ಳುವುದರಿಂದ. ಆಮೇಲೆ ಬಾವಿ ಕೊರೆದು ಕಲ್ಲಿನ ಮಾದರಿ ತೆಗೆಯಬೇಕು, ಎಷ್ಟು ಒತ್ತಡ ತಾಳುತ್ತದೆಂದು ಪರೀಕ್ಷಿಸಬೇಕು, ಹಳೆಯ ತೈಲಬಾವಿಗಳು ಸೋರುತ್ತವೆಯೇ ನೋಡಬೇಕು, ಕಾರ್ಖಾನೆಯಿಂದ ಅಲ್ಲಿಗೆ ಕೊಳವೆ ಎಳೆಯುವ ಖರ್ಚು ಕಟ್ಟಬೇಕು. ಒಂದೊಂದು ಹಂತದಲ್ಲೂ ಸಂಖ್ಯೆ ಕರಗುತ್ತದೆ. ಹಾಗಾಗಿ ಮಂತ್ರಿಗಳು ಈ ಅಂಕಿಯನ್ನು ಹೇಳಿದಾಗ ಎಷ್ಟು ಬಾವಿ ಕೊರೆದು ನೋಡಿದಿರಿ ಎಂದು ದಯವಿಟ್ಟು ಕೇಳಿ.

ಅದೇ ಅಂದಾಜಿನಲ್ಲಿ ದಖ್ಖನ್ ಪ್ರದೇಶದಂಥ ಕಪ್ಪು ಬಸಾಲ್ಟ್ ಶಿಲೆಯ ಪಾಲು 9,700 ಕೋಟಿಯಿಂದ 31,600 ಕೋಟಿ ಟನ್. ಕೆಳಗಿನ ಅಂಕಿಗೂ ಮೇಲಿನ ಅಂಕಿಗೂ ಮೂರು ಪಟ್ಟಿಗಿಂತ ಹೆಚ್ಚು ಅಂತರ! ನಮ್ಮ ವಿಜಯಪುರ, ಬೆಳಗಾವಿ ಕಡೆಯ ನೆಲವೂ ಈ ಶಿಲೆಯದೇ. ಐಸ್‌ಲ್ಯಾಂಡ್‌ನಲ್ಲಿ ಬಸಾಲ್ಟಿಗೆ ಇಳಿಸಿದ ಅನಿಲ ಎರಡು ವರ್ಷದೊಳಗೆ ಬಹುಪಾಲು ಕಲ್ಲಾಗಿದ್ದು ನಿಜವಾದ ಸಾಧನೆ. ಆದರೆ ಅಲ್ಲಿನ ವಿಧಾನದಲ್ಲಿ ಅನಿಲವನ್ನು ನೀರಿನಲ್ಲಿ ಕರಗಿಸಿ ಇಳಿಸುತ್ತಾರೆ. ಟನ್ ಅನಿಲಕ್ಕೆ ಸುಮಾರು 25 ಟನ್ ನೀರು ಬೇಕು. ವಿಜಯಪುರದಲ್ಲಿ ಆ ನೀರನ್ನು ಎಲ್ಲಿಂದ ತರುತ್ತಾರೆ ಎಂಬುದನ್ನು ಟನ್ನುಗಳ ಲೆಕ್ಕಕ್ಕಿಂತ ಮೊದಲು ಹೇಳಬೇಕು.

— ಸಂಪಾದಕ