ನಮ್ಮಣ್ಣನ ಕಾಲಿನ ಎಲುಬಿಗೆ ಹಾಕಿದ್ದ ರಾಡ್ ತೆಗೆದು ಎರಡು ವರ್ಷದ ಮೇಲೆ ಅದೇ ಜಾಗದಲ್ಲಿ ಕೀವು, ಕಲ್ಚರ್‌ನಲ್ಲಿ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಯಲ್ಲಿ) ಏನೂ ಬರಲಿಲ್ಲ. ರೋಗಾಣು ಎಲ್ಲಿತ್ತು?

ನಾನು ಡಾಕ್ಟರ್ ಅಲ್ಲ, ಕಲಬುರಗಿಯ ಒಂದು ಲ್ಯಾಬಿನಲ್ಲಿ ಕಲ್ಚರ್ ಪ್ಲೇಟು ನೋಡುವವನು. ನಿಮ್ಮ ಅಣ್ಣನ ಕಾಲಿನಂಥ ಕೇಸು ಯಾದಗಿರಿ, ಜೇವರ್ಗಿ ಕಡೆಯಿಂದ ಬರುತ್ತಲೇ ಇರುತ್ತವೆ.

ಎಲುಬಿನ ಕೀವಿಗೆ ಹೆಚ್ಚಾಗಿ ಕಾರಣ ಸ್ಟೆಫೈಲೊಕಾಕಸ್ ಆರಿಯಸ್ (ಸ್ಟೆಫ್) ಎಂಬ ರೋಗಾಣು. ಇದು ನಮ್ಮ ಮೈಯಲ್ಲೇ ಇರುವ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನನ್ನು ತನ್ನ ಮೇಲೆ ಅಂಟಿಸಿಕೊಳ್ಳುತ್ತದೆ. ಎಲುಬು ಕಟ್ಟುವ ಜೀವಕೋಶ ಆ ಪ್ರೋಟೀನನ್ನು ಹಿಡಿಯಹೋಗಿ ರೋಗಾಣುವನ್ನೂ ಒಳಗೆಳೆದುಕೊಳ್ಳುತ್ತದೆ. ಒಳಗೆ ಹೊಕ್ಕಮೇಲೆ ರೋಗಾಣುವನ್ನು ಹಿಡಿಯಲು ನಮ್ಮ ಮೈ ತಯಾರಿಸುವ ಆಂಟಿಬಾಡಿಗೆ ಸಿಗುವುದಿಲ್ಲ. ಜೆಂಟಾಮೈಸಿನ್, ವ್ಯಾಂಕೊಮೈಸಿನ್‌ನಂಥ ಆಂಟಿಬಯೋಟಿಕ್ ಕೂಡ ಅಲ್ಲಿ ಅಷ್ಟಾಗಿ ನಾಟುವುದಿಲ್ಲ. ಅಲ್ಲಿ ಅದು ಬೆಳವಣಿಗೆ ತಗ್ಗಿಸಿಕೊಂಡು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸುಮ್ಮನಿರಬಲ್ಲದು. ಹಾಗಂತ ಇದೊಂದೇ ಅಡಗುತಾಣವಲ್ಲ. ಸತ್ತ ಎಲುಬಿನ ಚೂರು ಉಳಿದಿದ್ದರೆ ಅಲ್ಲಿಗೆ ರಕ್ತವೂ ಹರಿಯದು, ಔಷಧವೂ ಹೋಗದು. ನನ್ನ ಕೇಳಿದರೆ ಮೊದಲ ಅನುಮಾನ ಅದರ ಮೇಲೇ.

ಇನ್ನು ರಿಪೋರ್ಟು. ಮಾಮೂಲಿ ಸ್ಟೆಫ್ ಬ್ಲಡ್ ಅಗಾರ್ (ರಕ್ತ ಬೆರೆಸಿದ ಪ್ಲೇಟಿನ ಆಹಾರ) ಮೇಲೆ ಮರುದಿನವೇ ದುಂಡಗೆ, ನಸುಹಳದಿಯಾಗಿ ಎದ್ದಿರುತ್ತದೆ. ಒಳಗೆ ಅವಿತಿದ್ದು ಬಂದದ್ದು ಹಲವು ಸಲ ಹಾಗಲ್ಲ: ಎರಡು ಮೂರು ದಿನಕ್ಕೆ ಗಸಗಸೆಗಿಂತ ಸಣ್ಣ, ಬಣ್ಣವಿಲ್ಲದ ಚುಕ್ಕೆ. ಪ್ಲೇಟನ್ನು ಬೆಳಕಿಗೆ ಓರೆ ಹಿಡಿದರಷ್ಟೇ ಕಣ್ಣಿಗೆ ಬೀಳುತ್ತದೆ. 48 ಗಂಟೆಗೆ ಪ್ಲೇಟು ಎಸೆದರೆ 'ಏನೂ ಬೆಳೆದಿಲ್ಲ' ಅಂತಲೇ ಬರೆಯಬೇಕಾಗುತ್ತದೆ. ಮೇಲಾಗಿ ಮಂದಿ ಬೆಳಿಗ್ಗೆವರೆಗೂ ಆಂಟಿಬಯೋಟಿಕ್ ನುಂಗಿ, ಗಾಯದ ಬಾಯಿ ಒರೆಸಿದ ಹತ್ತಿಕಡ್ಡಿ ತಂದುಕೊಡುತ್ತಾರೆ. ಅದರಲ್ಲಿ ಏನಾದರೂ ಬೆಳೆದರೂ ಅದು ಚರ್ಮದ ಮೇಲಿನದೋ ಎಲುಬಿನದೋ ಹೇಳಲಾಗದು.

ಹಾಗಾಗಿ ಮತ್ತೆ ಆಪರೇಷನ್ ಆದರೆ ಆಳದ ಎಲುಬಿನ ಚೂರುಗಳನ್ನು ನಾಲ್ಕೈದು ಕಡೆಯಿಂದ, ಬೇರೆ ಬೇರೆ ಡಬ್ಬಿಯಲ್ಲಿ ಕಳಿಸಲು ಕೇಳಿ. ಟಿಬಿ ಪರೀಕ್ಷೆಗೂ ಒಂದು ಇರಲಿ. ಪ್ಲೇಟು 14 ದಿನ ಇಡಿ ಎಂದು ಚೀಟಿಯಲ್ಲೇ ಬರೆಸಿ. ಆಂಟಿಬಯೋಟಿಕ್ ಆಪರೇಷನ್ನಿಗೂ ಮುಂಚೆ ನಿಲ್ಲಿಸಬಹುದೋ ಇಲ್ಲವೋ ಡಾಕ್ಟರ್ ಹೇಳಬೇಕು, ನೀವಾಗಿ ನಿಲ್ಲಿಸಬೇಡಿ.

ಆಮೇಲೆ ಸಾಮಾನ್ಯವಾಗಿ ಆರು ವಾರ ಔಷಧ. ಅದರಲ್ಲಿ ರಿಫಾಂಪಿಸಿನ್ ಇದ್ದರೆ ಗಾಬರಿಯಾಗಬೇಡಿ. "ಇದು ಟಿಬಿ ಗುಳಿಗಿ ಅದರಿ, ನಮ್ಮಣ್ಣಗ ಟಿಬಿ ಇಲ್ರಿ" ಅಂತ ಕೌಂಟರಿನಲ್ಲಿ ಜಗಳಕ್ಕೆ ನಿಂತವರನ್ನು ನೋಡಿದ್ದೇನೆ. ಜೀವಕೋಶದ ಒಳಗೂ ಹೋಗುವ ಔಷಧ ಅದು, ಕೊಡುವುದಕ್ಕೆ ಅದೂ ಒಂದು ಕಾರಣ. ಒಂಟಿಯಾಗಿ ಕೊಟ್ಟರೆ ರೋಗಾಣು ಬೇಗ ಅದಕ್ಕೆ ಬಗ್ಗದಂತಾಗುತ್ತದೆ, ಆದ್ದರಿಂದ ಜೊತೆಗೆ ಇನ್ನೊಂದು ಇದ್ದೇ ಇರುತ್ತದೆ, ಎರಡನ್ನೂ ತಪ್ಪಿಸಬಾರದು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದು ರಕ್ತವಲ್ಲ. ಅಣ್ಣ ಶುಗರ್ ಗುಳಿಗೆಯನ್ನೋ ರಕ್ತ ತೆಳು ಮಾಡುವ ಗುಳಿಗೆಯನ್ನೋ ತಗೋತಿದ್ದರೆ ಮೊದಲೇ ಹೇಳಿ, ರಿಫಾಂಪಿಸಿನ್ ಅವುಗಳ ಬಲ ತಗ್ಗಿಸುತ್ತದೆ.